ಹ್ಯಾರಿಗನ್ ಟೊಪ್ಪಿಗೆ ಕೋರಿರೊಟ್ಟಿ

ಇದು ನೂರಕ್ಕೆ ನೂರು ನಡೆದದ್ದು. ನಾನು ಸುಳ್ಳು ಸೇರಿಸುವ ಅಗತ್ಯವೇ ಬೀಳಲಿಲ್ಲ. ಕತೆಯೊಳಗೆ ಇದ್ದವರೇ ಬೇಕಾದಷ್ಟು ಸುಳ್ಳು ಹೇಳಿ ಮುಗಿಸಿದ್ದರು. ನನ್ನ ಪಾಲಿಗೆ ಉಳಿದದ್ದು ಒಂದು ತಟ್ಟೆ ಗೋಳಿಬಜೆ ಮತ್ತು ಸಾಕ್ಷಿ ಹೇಳುವ ಕೆಲಸ.

ನವೆಂಬರಿನ ಆ ಶುಕ್ರವಾರ ಮಧ್ಯಾಹ್ನ ಈ ಕೊಲ್ಲಿ ದೇಶದ ಫರ್ವಾನಿಯಾದ ಬೀದಿಗಳಲ್ಲಿ ಕಾರುಗಳ ಬಾಗಿಲಿನವರೆಗೆ ನೀರು ನಿಂತಿತ್ತು. ನಮ್ಮ ಕರಾವಳಿಯ ಮಳೆಗೆ ತೋಡುಂಟು, ಹೊಳೆಯುಂಟು, ಕೊನೆಗೆ ಕಡಲುಂಟು. ಇಲ್ಲಿಯ ಮಳೆ ಇಕಾಮಾ, ಅಂದರೆ ವಾಸದ ಪರವಾನಗಿ, ಮುಗಿದವನ ಹಾಗೆ. ಬಂದದ್ದೇನೋ ಹೌದು, ಹೋಗುವ ದಾರಿ ತಿಳಿಯದೆ ಬೀದಿಯಲ್ಲೇ ನಿಂತುಬಿಡುತ್ತದೆ. ಬಸ್ಸುಗಳು ನಿಂತವು. ನನ್ನ ಕಾರು ದೋಣಿಯಾಗುವ ಉಮೇದಿನಲ್ಲಿತ್ತು. ಹೀಗಾಗಿ ಸೇಸಪ್ಪಣ್ಣನ ಮನೆಗೆ ವಿದಾಯದ ಊಟಕ್ಕೆಂದು ಬಂದವನು ಮೂರನೇ ಮಹಡಿಯಲ್ಲೇ ಸಿಕ್ಕಿಬಿದ್ದೆ.

ಸೇಸಪ್ಪಣ್ಣ ಶುಐಬಾದ ಕಾರ್ಖಾನೆಯೊಂದರ ಕಾರ್ಮಿಕರ ಕ್ಯಾಂಪಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವರು. ದಿನಕ್ಕೆ ನಾನೂರು ಹೊಟ್ಟೆ. ಬರುವ ಗುರುವಾರ ಅವರು, ಹೆಂಡತಿ ವಾರಿಜಕ್ಕ, ಇಲ್ಲೇ ಹುಟ್ಟಿ ಬೆಳೆದ ಮಗಳು ಅನ್ವಿತಾ ಮೂವರೂ ಇಲ್ಲಿಯ ವಾಸ ಖಲಾಸ್ ಮಾಡಿಕೊಂಡು ಊರಿಗೆ ಹೊರಡುವವರಿದ್ದರು. ಪಡಸಾಲೆಯ ತುಂಬ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು. ನಾಲ್ಕೂ ಬದಿಗೆ ಕಪ್ಪು ಮಸಿಯಲ್ಲಿ ಮೂಡುಬಿದಿರೆಯ ವಿಳಾಸ.

ಪೆಟ್ಟಿಗೆ ಸೇರದೆ ಉಳಿದದ್ದು ಗೋಡೆಯ ಗಾಜಿನ ಕಪಾಟು ಮಾತ್ರ. ಅದರಲ್ಲಿ ಪಾಶ್ಚಾತ್ಯ ಸಿನಿಮಾ ತಾರೆಯರು ಒಂದು ಕಾಲದಲ್ಲಿ ಬಳಸಿದ್ದರೆನ್ನುವ ಸಾಮಾನುಗಳಿದ್ದವು. ಒಂದೇ ಕೈಯ ಗ್ಲೌಸು, ಮೂರು ಹಲ್ಲು ಉದುರಿದ ಬಾಚಣಿಗೆ, ಕಿಡಿ ಕೊಟ್ಟು ಬೆಂಕಿ ಕೊಡದ ಲೈಟರು, ಯಾವುದೋ ನಟಿಯ ಸ್ನಾನದ ನಿಲುವಂಗಿಯ ಬೆಲ್ಟು (ನಿಲುವಂಗಿ ಬೇರೆ ಯಾರದೋ ಪಾಲಾಗಿತ್ತು). ಶುಕ್ರವಾರದ ಸಂತೆಯಲ್ಲಿ, ಊರು ಬಿಡುವ ಇಂಗ್ಲಿಷರ ಮನೆಗಳಲ್ಲಿ, ಆಮೇಲಾಮೇಲೆ ಫೋನಿನ ಹರಾಜುಗಳಲ್ಲಿ ಹುಡುಕಿ ಹುಡುಕಿ ತಂದವು. ಅದಕ್ಕೆ ‘ಸೇಸಪ್ಪನವರ ಶೇಷವಸ್ತು ಭಂಡಾರ’ ಎಂದು ಹೆಸರಿಟ್ಟವನು ನಾನೇ. ಅವರು ಬೈಯುವ ಬದಲು ಹೆಸರನ್ನು ಬರೆದಿಟ್ಟುಕೊಂಡರು. ಪ್ರಾಯದಲ್ಲಿ ಅವರು ಮೂಡುಬಿದಿರೆಯ ಟಾಕೀಸಿನ ಕ್ಯಾಂಟೀನಿನಲ್ಲಿ ಇದ್ದವರಂತೆ. ಇಂಗ್ಲಿಷ್ ಸಿನಿಮಾಗಳನ್ನು ಅವರು ನೋಡಿದ್ದಲ್ಲ, ಗೋಡೆಯ ಈಚೆ ವಡೆ ಕರಿಯುತ್ತ ಕೇಳಿದ್ದು. ಕುದುರೆ ಓಡಿದ್ದು, ಗುಂಡು ಹಾರಿದ್ದು, ಚುಂಬಿಸುವಾಗ ಇಡೀ ಟಾಕೀಸು ಸುಮ್ಮನಾದದ್ದು. “ಬರೀ ಕೇಳಿದವರನ್ನು ಒಮ್ಮೆ ಮುಟ್ಟಿ ನೋಡ್ಬೇಕು ಅಂತ ಆಸೆ ಮನೀಷ್,” ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು.

ಕಪಾಟಿನ ನಡುಮಧ್ಯೆ ಕಂದು ಬಣ್ಣದ ಉಣ್ಣೆ ಟೊಪ್ಪಿ. ಕುದುರೆ ಸವಾರಿಯ ಸಿನಿಮಾಗಳ ನಾಯಕ ಬಕ್ ಹ್ಯಾರಿಗನ್‌ನದು ಅದು. ಪಕ್ಕದಲ್ಲಿ ಚೌಕಟ್ಟು ಹಾಕಿಸಿದ ದಾಖಲೆ ಬೇರೆ. ಊರಿನ ಮನೆಯ ಎದುರಿನ ಕೋಣೆಯಲ್ಲಿ ಇದನ್ನೆಲ್ಲ ಪ್ರದರ್ಶನಕ್ಕಿಡುವುದು, ಬೋರ್ಡು ಬರೆಸುವುದು, ಪೇಪರಿನವರನ್ನು ಕರೆಯುವುದು ಎಲ್ಲ ನಿಶ್ಚಯವಾಗಿತ್ತು. ಟೊಪ್ಪಿಯೇ ಮುಖ್ಯ ಅತಿಥಿ.

ಕೆಳಗಿನ ಮಹಡಿಯ ಲಿಗೋರಿ ಅಂಕಲ್ ಮತ್ತು ಕ್ಯಾಥರಿನ್ ಆಂಟಿ ಕೂಡ ಊಟಕ್ಕೆ ಬಂದಿದ್ದರು. ಅಂಕಲ್ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು, ಈಗ ನರ್ಸ್ ಮಗಳ ಮನೆಯಲ್ಲಿ ಮೊಮ್ಮಕ್ಕಳನ್ನು ಹಾಳು ಮಾಡುತ್ತಿರುವವರು. ಮಿಮಿಕ್ರಿಯಲ್ಲಿ ನನಗೆ ಗುರು. ವೀಸಾ ಕೊಟ್ಟ ಅರಬಿ ಧಣಿ ಕಫೀಲ್ ಸಿಟ್ಟಾದ ಹಾಗೆ, ಒಂಟೆ ಸೀನಿದ ಹಾಗೆ, ಪಾದ್ರಿಗಳು ಮೈಕು ಕೈಕೊಟ್ಟಾಗ ಕೆಮ್ಮಿದ ಹಾಗೆ ಎಲ್ಲ ಮಾಡಿ ತೋರಿಸುವವರು ಆ ದಿನ ಮಾತ್ರ ಊಟದ ಹೊತ್ತಿಗೂ ಬಾಯಿ ಬಿಟ್ಟಿರಲಿಲ್ಲ. ಕಣ್ಣು ಮತ್ತೆ ಮತ್ತೆ ಟೊಪ್ಪಿಯ ಕಡೆಗೇ.

ಹೊರಗೆ ಮೋಡ ಕವಿದು ಮೂರು ಗಂಟೆಗೇ ದೀಪ ಹಾಕಬೇಕಾಯಿತು. ವಾರಿಜಕ್ಕ ಗೋಳಿಬಜೆ ಕರಿದು ತಂದರು. ಅನ್ವಿತಾ ಕಾಲು ಮಡಚಿ ಕುಳಿತು, “ಅಂಕಲ್, ಪರ್ಫೆಕ್ಟ್ ವೆದರ್. ಟೆಲ್ ಅಸ್ ಎ ದೆವ್ವ ಸ್ಟೋರಿ,” ಎಂದಳು.

ಅಂಕಲ್ ಕಾಫಿಯ ಲೋಟ ಕೆಳಗಿಟ್ಟರು. “ಸೇಸಪ್ಪ,” ಎಂದರು, “ಈ ಕತೆ ಮುಗಿಯುವಾಗ ನೀನು ನನ್ನೊಟ್ಟಿಗೆ ಮಾತಾಡ್ತೀಯೋ ಇಲ್ವೋ ನನಗೆ ಗೊತ್ತಿಲ್ಲ. ಆದ್ರೆ ಊರಲ್ಲಿ ನಿನ್ನ ಬೋರ್ಡು ಮೇಲೇರುವ ಮೊದ್ಲು ಹೇಳ್ಲೇಬೇಕು. ನಾಲ್ಕು ಜನರ ಎದುರು ನೀನು ಸಣ್ಣವ ಆಗ್ಬಾರ್ದು.”

“ಹೇಳಿ ಪೊರ್ಬುಗಳೇ,” ಎಂದರು ಸೇಸಪ್ಪಣ್ಣ. ಊರಿನಲ್ಲಿ ಕ್ರಿಶ್ಚಿಯನ್ ಹಿರಿಯರನ್ನು ಕರೆಯುವ ಹಾಗೆಯೇ ಅವರು ಅಂಕಲನ್ನು ಕರೆಯುವುದು.

ಅಂಕಲ್ ಶುರುಮಾಡಿದರು.

“ಎಪ್ಪತ್ತೆಂಟರಲ್ಲಿ ನಾನು ಈ ದೇಶಕ್ಕೆ ಬಂದವ. ಫಹಾಹೀಲಿನಲ್ಲಿ ಒಂದು ರೂಮು, ಆರು ಜನ, ಒಂದೇ ಕಿಟಕಿ... ಆ ಕಿಟಕಿಯ ಕೆಳಗಿನ ಮಂಚ ಐತಪ್ಪಂದು. ಬೆಳುವಾಯಿಯವ. ಅವನ ಕೆಲಸ ಎಂತ ಗೊತ್ತುಂಟಾ? ಅಹ್ಮದಿಯಲ್ಲಿ ಎಣ್ಣೆ ಕಂಪನಿಯ ಇಂಗ್ಲಿಷ್ ಸಾಹೇಬರ ಕ್ಲಬ್ಬಿನ ಬಯಲು ಸಿನಿಮಾಕ್ಕೆ ಆಪರೇಟರ್. ಪ್ರೊಜೆಕ್ಟರ್ ಇದ್ದದ್ದು ಒಂದೇ. ಒಂದು ರೀಲು ಮುಗಿದು ಇನ್ನೊಂದು ಏರಿಸುವ ತನಕ ಪರದೆಯಲ್ಲಿ ಕತ್ತಲೆ, ಕೆಳಗೆ ಸಾಹೇಬರೆಲ್ಲ ಬೊಬ್ಬೆ. ಆಗ ಇವ ಎಂತ ಮಾಡ್ತಿದ್ದ? ಮೇಲಿನ ಗೂಡಿನಿಂದ ಸಿಳ್ಳೆ ಹಾಕ್ತಿದ್ದ ಮಾರಾಯ್ರೆ... ಹ್ಯಾರಿಗನ್ ಕುದುರೆ ಹತ್ತುವಾಗ ಬರುವ ರಾಗ. ಬೊಬ್ಬೆ ನಿಲ್ತಿತ್ತು. ರೀಲು ಕೂತ ಕೂಡ್ಲೇ ಸಿಳ್ಳೆ ಕಟ್, ರಾಗ ಎಲ್ಲಿಗೆ ಮುಟ್ಟಿದೆಯೋ ಅಲ್ಲಿಗೇ. ಎಂಟು ವರ್ಷ ಅವನೊಟ್ಟಿಗೆ ಇದ್ದೆ... ಆ ರಾಗದ ಕೊನೆ ಹೇಗುಂಟು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.”

ನಾವು ಸಿಳ್ಳೆಗಾಗಿ ಕಾದೆವು. ಅಂಕಲ್ ತುಟಿ ಮುಂದೆ ಮಾಡಿದವರು ಊದಲಿಲ್ಲ. ಬೆರಳಿನಿಂದ ಮೇಜಿನ ಮೇಲೆ ತಾಳ ಮಾತ್ರ ಬಡಿದರು. ಟಕಟಕ ಟಕ್... ಟಕಟಕ ಟಕ್...

“ಹ್ಯಾರಿಗನ್ ಹಾಕುವಂಥದ್ದೇ ಒಂದು ಟೊಪ್ಪಿ ಸಂತೆಯಲ್ಲಿ ತಕ್ಕೊಂಡಿದ್ದ. ಈ ಐವತ್ತು ಡಿಗ್ರಿ ಬಿಸಿಲಿಗೆ ಉಣ್ಣೆಯ ಟೊಪ್ಪಿ! ಕಿವಿಯ ಹಿಂದೆ ಬೆವರು ತೋಡಿನ ಹಾಗೆ ಹರಿದ್ರೂ ತೆಗೀಲಿಕ್ಕಿಲ್ಲ. ರೂಮಿಗೆ ಬಂದ ಮೇಲೆ ಮಾತ್ರ... ಬಾಗಿಲ ಹಿಂದೆ ಒಂದು ಮೊಳೆ, ಅವನೇ ಹೊಡೆದದ್ದು, ಅದಕ್ಕೆ ತೂಗು ಹಾಕಿ, ‘ಕುದುರೆ ಕಟ್ಟಿದೆ, ಇನ್ನು ಊಟ ಹಾಕಿ’ ಅಂತಿದ್ದ. ದಿನಾ ಅದೇ ಮಾತು. ದಿನಾ ನಗ್ತಿದ್ದೆವು.

“ಎಂಬತ್ತಾರರಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ಉಂಡು ಮಲಗಿದವ... ಏಳ್ಲಿಲ್ಲ. ಅಷ್ಟೇ. ಪೆಟ್ಟಿಗೆಯಲ್ಲಿ ಊರಿಗೆ ಕಳಿಸಿದೆವು. ಅಲ್ಲಿ ಇದ್ದದ್ದು ಒಬ್ಬರು ತಾಯಿ. ಮುಂದಿನ ವರ್ಷ ಅವರೂ ಹೋದ್ರು. ಇನ್ನು ಅವನ ಹೆಸರು ಹೇಳಿ ಒಂದು ಎಲೆ ಹಾಕುವವರು ಯಾರು? ಯಾರೂ ಇಲ್ಲ. ಅವನ ಪೇಟಿ, ಬಟ್ಟೆ, ವಾಚು ಎಲ್ಲ ಕಳಿಸಿದೆವು, ಟೊಪ್ಪಿ ಬಾಕಿ ಆಯಿತು. ಯಾಕೆ? ಆ ಮೂರು ದಿನ ಜನ ಬಂದು ಹೋಗಿ ರೂಮಿನ ಬಾಗಿಲು ತೆರೆದೇ ಇತ್ತು... ತೆರೆದ ಬಾಗಿಲ ಹಿಂದೆ ಎಂತ ಉಂಟು ಅಂತ ಯಾರು ನೋಡ್ತಾರೆ?

“ತೊಂಬತ್ತರಲ್ಲಿ ಇರಾಕಿನವರು ನುಗ್ಗಿದಾಗ ನಾವೆಲ್ಲ ಬಸ್ಸು ಹತ್ತಿ ಅಮ್ಮಾನಿಗೆ ಓಡಿದ್ದು ಗೊತ್ತುಂಟಲ್ಲ. ಒಬ್ಬನಿಗೆ ಒಂದೇ ಚೀಲ. ಟೇಪ್ ರೆಕಾರ್ಡರ್ ಬಿಟ್ಟೆ, ಮದುವೆಯ ಕೋಟು ಬಿಟ್ಟೆ... ಟೊಪ್ಪಿಯನ್ನು ತಲೆಗೆ ಹಾಕ್ಕೊಂಡೆ. ತಲೆಯನ್ನು ತೂಕಕ್ಕೆ ಹಾಕುವುದಿಲ್ಲ ಅಲ್ವಾ ಅವರು! ಊರಿಗೆ ಹೋಯಿತು ಟೊಪ್ಪಿ, ಮತ್ತೆ ನನ್ನೊಟ್ಟಿಗೆ ವಾಪಸು ಬಂತು. ಆಮೇಲೆ ಇವಳು, ನಾನು ಕಟ್ಟಿಟ್ಟ ಚೀಲವನ್ನು ಒಮ್ಮೆಯೂ ಬಿಚ್ಚಿ ನೋಡದೆಯೇ, ‘ಸತ್ತವನ ಟೊಪ್ಪಿ ಮಕ್ಕಳಿರುವ ಮನೆಯಲ್ಲಿ ಬೇಡ’ ಅಂತ ವರ್ಷಗಟ್ಟಲೆ ಒಂದೇ ರಾಗ. ಬಿಸಾಡ್ಲಿಕ್ಕೆ ಕೈ ಬರುವುದಿಲ್ಲ, ಇಟ್ಟುಕೊಳ್ಳುವ ಹಾಗಿಲ್ಲ... ಎಂತ ಮಾಡುವುದು? ಆಗ ಕಂಡದ್ದು, ಸೇಸಪ್ಪ, ನಿನ್ನ ಈ ಗಾಜಿನ ಕಪಾಟು.”

ಕ್ಯಾಥರಿನ್ ಆಂಟಿ ಎದ್ದೇ ನಿಂತರು. “ಜೆಜೂ! ಕಸದ ಡಬ್ಬಿಗೆ ಹಾಕಿ ಬಂದೆ ಅಂತ ಶಿಲುಬೆ ಮುಟ್ಟಿ ಹೇಳಿದ್ರಲ್ಲ!”

“ಮುಟ್ಟಿದ್ದು ಹೌದು. ಧೂಳಿತ್ತು, ಒರೆಸಿದೆ.”

ಸೇಸಪ್ಪಣ್ಣ ತಲೆ ತಗ್ಗಿಸಿ ಲೋಟವನ್ನೇ ನೋಡುತ್ತಿದ್ದರು. ಅಂಕಲ್ ಅವರ ಮುಖ ನೋಡುವ ಧೈರ್ಯ ಮಾಡದೆ ಮುಂದುವರಿಸಿದರು.

“ಹ್ಯಾರಿಗನ್ ಎಂಬತ್ತೊಂದರಲ್ಲಿ ಅಹ್ಮದಿಗೆ ಬಂದಿದ್ದ, ಕ್ಲಬ್ಬಿನಲ್ಲಿ ಟೊಪ್ಪಿ ಮರೆತು ಹೋದ ಅಂತ ಕತೆ ಕಟ್ಟಿದೆ. ರಿಫೈನರಿಯಿಂದ ಒಂದು ಸ್ಪಾನರ್ ಹೊರಗೆ ತರ್ಬೇಕಾದ್ರೂ ಮೂರು ಪ್ರತಿಯಲ್ಲಿ ಗೇಟ್‌ಪಾಸ್ ಬೇಕು. ಅದರ ಒಂದು ಖಾಲಿ ಫಾರ್ಮು ಟೈಪ್ ಮಾಡಿದೆ. ‘ಟೊಪ್ಪಿ, ಬಳಸಿದ್ದು, ಒಂದು. ಮಾಲೀಕ: ಬಿ. ಹ್ಯಾರಿಗನ್.’ ಚೌಕಟ್ಟಿನಲ್ಲಿರುವುದು ಅದೇ. ನೀನು ನಂಬಿದೆ... ನಂಬಿದ ಮೇಲಾದ್ರೂ ನಾನು ಸುಮ್ಮನಿರ್ಬೇಕಾ ಬೇಡ್ವಾ? ಈ ಬಿಲ್ಡಿಂಗಿಗೆ ಕೆಳಗಿಂದ ಮೇಲಿನ ತನಕ ಒಂದು ಡಕ್ಟ್ ಉಂಟಲ್ಲ, ಎಲ್ಲರ ಬಾತ್‌ರೂಮಿನ ಕಿಟಕಿಯೂ ಅದಕ್ಕೇ. ಶುಕ್ರವಾರ ಊಟ ಆದ ಮೇಲೆ ಕಿಟಕಿಗೆ ಬಾಯಿಟ್ಟು ಐತಪ್ಪನ ಹಾಗೆಯೇ ಸಿಳ್ಳೆ ಹಾಕಿದೆ, ಅರ್ಧಕ್ಕೇ ನಿಲ್ಲಿಸಿದೆ. ದೆವ್ವ ಅಂತ ಹೆದರ್ಬೇಕಲ್ಲ ಈ ಸೇಸಪ್ಪ? ಮೆಟ್ಟಿಲು ಹಾರಿ ಓಡಿ ಬಂದ, ಮನೆಗೆ ಮದುಮಗ ಬಂದವರ ಹಾಗೆ... ‘ಪೊರ್ಬುಗಳೇ, ಹ್ಯಾರಿಗನ್ ಬಂದಿದ್ದಾನೆ!’

“ಮುಂದಿನ ಶುಕ್ರವಾರ ಇವ ಅಗೆಲು ಬಡಿಸಿದ. ಅವರ ಕ್ರಮ ಅದು. ಸತ್ತವರಿಗೆ ಪ್ರೀತಿಯಾದದ್ದನ್ನು ಎಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ನಿಲ್ಲುವುದು, ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿ ಒಳಗೆ ಹೋಗುವುದು. ಹ್ಯಾರಿಗನ್‌ಗೆ ಬಾಳೆಎಲೆಯಲ್ಲಿ ಬಡಿಸಿದ್ದು ಎಂತ? ಚಿಕನ್ ಸ್ಟೀಕ್! ಬೇಯಿಸಿದ ಬಟಾಟೆ, ಬನ್ನು, ಹಾಲು ಹಾಕದ ಕಾಫಿ. ಎಡಗಡೆ ಫೋರ್ಕು, ಬಲಗಡೆ ಚೂರಿ. ಫೋರ್ಕು ಚುಚ್ಚಿದ್ರೆ ಎಲೆ ಹರಿಯುವುದಿಲ್ವಾ ಅಂತ ವಾರಿಜಳಿಗೆ ಚಿಂತೆ. ಬಾಗಿಲು ತೆರೆದ್ರೆ ಎಲ್ಲ ಹಾಗೇ ಉಂಟು. ಮತ್ತೊಂದು ಶುಕ್ರವಾರ ಸೂಪು, ಕೇಕು... ಅದೂ ಹಾಗೇ. ಕೆಳಗೆ ನನಗೆ ನಕ್ಕು ನಕ್ಕು ಹೊಟ್ಟೆನೋವು.

“ಆಮೇಲೆ ನಮ್ಮ ಪ್ಲಾಂಟಿಗೆ ಶಟ್‌ಡೌನ್ ಬಂತು. ಎಲ್ಲ ನಿಲ್ಲಿಸಿ ರಿಪೇರಿ. ಆರು ವಾರ ಶುಕ್ರವಾರವೂ ರಜೆ ಇಲ್ಲ, ಹನ್ನೆರಡು ಗಂಟೆ ಡ್ಯೂಟಿ. ಶುಕ್ರವಾರ ಮಧ್ಯಾಹ್ನ ನಾನು ಮೀನಾ ಅಲ್ ಅಹ್ಮದಿಯಲ್ಲಿ ಪೈಪಿನ ಒಳಗೆ... ಈ ಬಿಲ್ಡಿಂಗಿನಲ್ಲಿ ಇಲ್ಲವೇ ಇಲ್ಲ. ಮನೆಗೆ ಬಂದು ನೋಡ್ತೇನೆ, ಕ್ಯಾಥರಿನ್ ಮುಖ ಸುಣ್ಣದ ಹಾಗೆ. ‘ಡಕ್ಟಿನಿಂದ ಯಾರೋ ಸಿಳ್ಳೆ ಹಾಕ್ತಾರೆ... ಅರ್ಧಕ್ಕೇ ನಿಲ್ಲಿಸ್ತಾರೆ.’ ನನಗೆ ಹೇಗಾಗ್ಬೇಡ? ಇವಳು ಇಗರ್ಜಿಗೆ ಹೋಗಿ ಹ್ಯಾರಿಗನ್‌ನ ಆತ್ಮಕ್ಕೆ ಪೂಜೆ ಇಡಿಸಿ ಬಂದಳು. ಪಾದ್ರಿಗಳು ಡಿಸೋಜ, ಲೋಬೊಗಳ ನಡುವೆ ಅವನ ಹೆಸರನ್ನೂ ಓದಿದ್ರು. ನಾನು ಮೊಣಕಾಲೂರಿ ಮನಸ್ಸಿನಲ್ಲೇ ‘ಹ್ಯಾರಿಗನ್ ಅಲ್ಲ ದೇವರೇ, ಐತಪ್ಪ’ ಅಂತ ತಿದ್ದಿ ಹೇಳಿದೆ.

“ಇವಳು ಸಿಳ್ಳೆ ಕೇಳಿದ ಅದೇ ಶುಕ್ರವಾರ ಮೇಲೆ ಇವ ಸ್ಟೀಕ್ ಬಿಟ್ಟು, ಯಾಕೋ ಏನೋ, ನಮ್ಮೂರಿನ ಕೋಳಿಸಾರಿನ ಕೋರಿರೊಟ್ಟಿ ಬಡಿಸಿದನಂತೆ. ಬಾಗಿಲು ಮುಚ್ಚಿದ್ರು. ಹೊರಗೆ ನಿಂತ್ರು. ತೆರೆದು ನೋಡಿದ್ರೆ... ರೊಟ್ಟಿಯ ಒಂದು ಮೂಲೆ ಇಲ್ಲ. ಕಪಾಟಿನಲ್ಲಿ ಇದ್ದ ಟೊಪ್ಪಿ ಎಲ್ಲುಂಟು? ಬಾಗಿಲ ಹಿಂದೆ, ಮೊಳೆಯಲ್ಲಿ. ವಾರಿಜ ಹೇಳಿದ ಕೂಡ್ಲೇ ಹೋಗಿ ಡಕ್ಟಿನ ಕಿಟಕಿ ಮುಚ್ಚಿ ಚಿಲಕ ಹಾಕಿದೆ. ಯಾಕಂದ್ರೆ ಆ ಮೊಳೆಯ ಸಂಗತಿ ನಾನು ಯಾರಿಗೂ ಹೇಳಿದ್ದಿಲ್ಲ... ಇವತ್ತೇ ಮೊದಲು. ಆ ದಿನದಿಂದ ನಾನು ಸಿಳ್ಳೆ ಹಾಕ್ಲಿಲ್ಲ, ಹದಿನೈದು ವರ್ಷ ಆಯಿತು. ಸೇಸಪ್ಪ... ಅದು ಹ್ಯಾರಿಗನ್ ಟೊಪ್ಪಿ ಅಲ್ಲ. ನನ್ನ ಗೆಳೆಯಂದು. ನಿನಗೆ ಮೋಸ ಮಾಡಿದೆ.”

ಸೇಸಪ್ಪಣ್ಣನ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೆಂದು ನಾನು ಗೋಳಿಬಜೆ ತಟ್ಟೆ ಪಕ್ಕಕ್ಕಿಟ್ಟೆ. ನೋಡಿದರೆ ಆಸಾಮಿ ನಗುತ್ತಿದ್ದಾರೆ!

“ಪೊರ್ಬುಗಳೇ,” ಎಂದರು ಕಣ್ಣೊರೆಸಿಕೊಂಡು, “ಹ್ಯಾರಿಗನ್ ಸತ್ತದ್ದು ಎಪ್ಪತ್ತೊಂಬತ್ತರಲ್ಲಿ. ಸತ್ತು ಎರಡು ವರ್ಷ ಆದ ಮೇಲೆ ಅಹ್ಮದಿಗೆ ಟೂರು ಬಂದವ ಟೊಪ್ಪಿ ಮರೆಯದೆ ಇರ್ತಾನಾ?”

“ಅಂದ್ರೆ ನಿನಗೆ...”

“ಮೊದಲ ದಿನವೇ ಗೊತ್ತು. ಟೊಪ್ಪಿಯ ಒಳಗೆಲ್ಲ ತೆಂಗಿನೆಣ್ಣೆ ಕಲೆ. ಆ ಊರಿನ ಹೀರೋಗಳು ತಲೆಗೆ ತೆಂಗಿನೆಣ್ಣೆ ಹಾಕ್ತಾರಾ?”

“ಮತ್ತೆ ಆ ಸ್ಟೀಕು, ಫೋರ್ಕು?”

“ನೀವು ಅಷ್ಟು ಕಷ್ಟಪಟ್ಟು ಸಿಳ್ಳೆ ಹಾಕುವಾಗ ನಾನು ಸುಮ್ಮನೆ ಕೂತ್ರೆ ಮರ್ಯಾದೆಯಾ? ಸಿಳ್ಳೆ ಆದ ಮೇಲೆ ದೆವ್ವ ಕೆಮ್ಮಿದ್ದೂ ಕೇಳಿದೆ. ಶಟ್‌ಡೌನಿಗೆ ನೀವು ಹೋದಾಗ ಇಷ್ಟು ಒಳ್ಳೆ ದೆವ್ವ ನಿಲ್ಲಬಾರ್ದಲ್ಲ ಅಂತ ನಾನೇ ಡಕ್ಟಿಗೆ ಬಾಯಿಟ್ಟು ಕೆಳಗೆ ಊದಿದೆ. ಆಗ ನನಗೂ ಹಲ್ಲಿತ್ತು.” ಈಗಿನ ಕಟ್ಟಿಸಿದ ಹಲ್ಲನ್ನು ಅವರು ಉಗುರಿನಿಂದ ಟಕ್ಕೆನಿಸಿ ತೋರಿಸಿದರು.

“ನಿಮ್ಮಿಬ್ಬರ ಸಿಳ್ಳೆಗೆ ನಾನು ಪೂಜೆ ಇಡಿಸಿದೆ!” ಎಂದು ಕ್ಯಾಥರಿನ್ ಆಂಟಿ ತಲೆಗೆ ಕೈಹೊತ್ತರು. ಅನ್ವಿತಾ ನಕ್ಕು ಚಾಪೆಯ ಮೇಲೆ ಉರುಳಿದಳು. ನಾವೆಲ್ಲ ನಕ್ಕೆವು, ಅಂಕಲ್ ಒಬ್ಬರನ್ನು ಬಿಟ್ಟು.

“ಎಲ್ಲ ಗೊತ್ತಿದ್ದೂ ಯಾಕೆ ಇಟ್ಟುಕೊಂಡೆ ಮಾರಾಯ?”

ಸೇಸಪ್ಪಣ್ಣನ ನಗು ಸಣ್ಣದಾಯಿತು. “ಕೊಡುವಾಗ ನಿಮ್ಮ ಕೈ ಅದನ್ನು ಬಿಡ್ಲಿಲ್ಲ ಪೊರ್ಬುಗಳೇ. ಎರಡು ಸಲ ಎಳೀಬೇಕಾಯ್ತು. ಈ ಕಪಾಟಿನಲ್ಲಿ ಇರುವುದೆಲ್ಲ ಯಾರದ್ದೋ ಎಂಥದ್ದೋ, ಚೀಟಿ ನಂಬಿ ತಂದದ್ದು. ಇದೊಂದು ಮಾತ್ರ ಯಾರಿಗೋ ಬೇಕಾದವರದ್ದು ಅಂತ ಗೊತ್ತಾಯ್ತು. ಅದಕ್ಕೇ ಕೋರಿರೊಟ್ಟಿ ಬಡಿಸಿದ್ದು.” ಅವರು ಎದ್ದು ಹೋಗಿ ಟೊಪ್ಪಿಯನ್ನೂ ಅದರ ಅಡಿಯಲ್ಲಿದ್ದ ಚೀಟಿಯನ್ನೂ ತಂದು ಮೇಜಿನ ಮೇಲಿಟ್ಟರು. ಪ್ರದರ್ಶನಕ್ಕೆಂದು ಚೆಂದ ಮಾಡಿ ಬರೆದ ಚೀಟಿ: ‘ಈ ಟೊಪ್ಪಿ’, ಆಮೇಲೆ ನಾಲ್ಕು ಬೆರಳಿನಷ್ಟು ಖಾಲಿ ಜಾಗ, ಆಮೇಲೆ ‘ಅವರದು’. “ಹೆಸರು ನಿಮ್ಮ ಬಾಯಿಂದಲೇ ಬರ್ಲಿ ಅಂತ ಬಿಟ್ಟದ್ದು. ಬೆಳುವಾಯಿ ನಮ್ಮ ಮನೆಗೆ ಎಷ್ಟು ದೂರ? ಎಂಟು ಕಿಲೋಮೀಟರು. ಇನ್ನು ನಮ್ಮ ಹಿರಿಯರಿಗೆ ಹಾಕುವ ಎಲೆಗಳ ಸಾಲಿನಲ್ಲಿ ಅವನಿಗೂ ಒಂದು ಎಲೆ.”

ಅಂಕಲ್ ನನ್ನ ಕಿಸೆಯಿಂದ ಪೆನ್ನು ಕಿತ್ತುಕೊಂಡು ಖಾಲಿ ಜಾಗದಲ್ಲಿ ‘ಐತಪ್ಪ’ ಎಂದು ಬರೆದರು. ಮೂರು ಅಕ್ಷರಕ್ಕೆ ಬಹಳ ಹೊತ್ತು ಬೇಕಾಯಿತು. ಬರೆದು ಮುಗಿಸಿ, ಹಗುರಾದವರಂತೆ ಉಸಿರು ಬಿಟ್ಟು ಕೇಳಿದರು, “ಎಲ್ಲ ಸರಿ... ಆದ್ರೆ ಟೊಪ್ಪಿಯನ್ನು ಬಾಗಿಲ ಹಿಂದಿನ ಮೊಳೆಗೇ ಹಾಕ್ಬೇಕು ಅಂತ ನಿನಗೆ ಹೇಗೆ ಹೊಳೆಯಿತು?”

“ನಾನು ಹಾಕ್ಲಿಲ್ಲ,” ಎಂದರು ಸೇಸಪ್ಪಣ್ಣ. “ವಾರಿಜ ಹಾಕಿದ್ದು.”

“ನಾನೆಲ್ಲಿ ಹಾಕಿದ್ದು? ನಿಮ್ಮೊಟ್ಟಿಗೆ ಹೊರಗೇ ಇದ್ದೆನಲ್ಲ!” ಎಂದರು ವಾರಿಜಕ್ಕ. “ನೀವೇ ಮೊಳೆ ಹೊಡೆದು ಹಾಕಿದ್ದು ಅಂತ ನಾನು...”

“ನಾನು ಮೊಳೆ ಹೊಡೀಲಿಕ್ಕುಂಟಾ? ವಾಚ್‌ಮನ್ ಮುತ್ತಲಿಬ್ ಒಂದು ಕ್ಯಾಲೆಂಡರ್ ತೂಗು ಹಾಕ್ಲಿಕ್ಕೆ ಬಿಡುವುದಿಲ್ಲ.”

ಊಟಕ್ಕೆ ಬರುವವರಿಗೆಂದು ಬೆಳಗಿನಿಂದ ಗೋಡೆಗೆ ಆನಿಸಿ ತೆರೆದಿಟ್ಟಿದ್ದ ಬಾಗಿಲನ್ನು ಅನ್ವಿತಾ ಮೆಲ್ಲನೆ ಎಳೆದು ಮುಚ್ಚಿದಳು. ಬಾಗಿಲ ಹಿಂದೆ, ತಲೆಯ ಎತ್ತರಕ್ಕೆ, ತುಕ್ಕು ಹಿಡಿದ ಒಂದು ಮೊಳೆ. “ಅಪ್ಪ, ದಿಸ್ ಈಸ್ ನಾಟ್ ಫನಿ,” ಎಂದಳು.

ಆಗಲೇ ಬಾತ್‌ರೂಮಿನ ಕಡೆಯಿಂದ, ಮಳೆಯ ಸದ್ದಿನ ಅಡಿಯಿಂದ ಅದು ಬಂತು. ಸಿಳ್ಳೆ. ಆ ರಾಗವನ್ನು ನಾನು ಹಿಂದೆ ಕೇಳಿದವನಲ್ಲ, ಆದರೆ ತಾಳ ಅಂಕಲ್ ಮೇಜಿಗೆ ಬಡಿದದ್ದೇ. ಎಲ್ಲರೂ ನನ್ನತ್ತ ತಿರುಗಿದರು. ನಾನು ಎರಡೂ ಕೈ ಮೇಲೆತ್ತಿದೆ. ಬಾಯಿಯ ತುಂಬ ಬಿಸಿ ಗೋಳಿಬಜೆ. ಸೇಸಪ್ಪಣ್ಣನ ಕೈ ಕಟ್ಟಿಸಿದ ಹಲ್ಲಿನ ಮೇಲಿತ್ತು. ಅಂಕಲ್ ತುಟಿ ಬಿಗಿಹಿಡಿದು ಕೇಳುತ್ತಿದ್ದರು. ರಾಗ ಏರಿತು, ಇನ್ನೇನು ಇಳಿಯಬೇಕು ಎನ್ನುವಾಗ ಕಟ್ ಆಯಿತು.

“ಹೆದರ್ಲಿಕ್ಕೆ ಎಂತ ಉಂಟು?” ಎಂದು ಅಂಕಲ್ ಪಿಸುಗುಟ್ಟಿದರು. “ಈ ರೀಲು ಮುಗಿಯಿತಲ್ಲ... ಇನ್ನೊಂದು ಏರಿಸಿದ, ಅಷ್ಟೇ.”

ವಾರಿಜಕ್ಕ ಅಡುಗೆಮನೆಗೆ ಹೋದರು. ಬಾಳೆಎಲೆ ತೊಳೆಯುವ ಸದ್ದು ಕೇಳಿಸಿತು. ಲಿಗೋರಿ ಅಂಕಲ್ ಎದ್ದು, ಮೇಜಿನ ಮೇಲಿದ್ದ ಟೊಪ್ಪಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಆ ಮೊಳೆಗೆ ತೂಗು ಹಾಕಿದರು. ಆಮೇಲೆ, ನಾನು ಅವರ ಬಾಯಲ್ಲಿ ಎಂದೂ ಕೇಳಿರದ ಒಂದು ಎಳೆ ಪ್ರಾಯದ ದನಿಯಲ್ಲಿ, “ಕುದುರೆ ಕಟ್ಟಿದೆ, ಇನ್ನು ಊಟ ಹಾಕಿ!” ಎಂದು ಕೂಗಿ, ಹದಿನೈದು ವರ್ಷದ ನಗುವನ್ನೆಲ್ಲ ಒಟ್ಟಿಗೆ ನಗುವವರ ಹಾಗೆ, ಕಣ್ಣಲ್ಲಿ ನೀರು ಸುರಿಸುತ್ತ, ನಮ್ಮೆಲ್ಲರಿಗಿಂತ ಜೋರಾಗಿ ನಕ್ಕರು.